ಪಾಪರ್ ಚೀಟಿಯೂ ಬಸ್ ಟಿಕೆಟೂ

ಡೈವೋರ್ಸಿಗೆ ಅರ್ಜಿ ಹಾಕಿದ ಮೇಲೂ ನಾನು ಮತ್ತು ನನ್ನ ಗಂಡ ಕೋರ್ಟಿಗೆ ಹೋಗುತ್ತಿದ್ದದ್ದು ಒಂದೇ ಬಸ್ಸಿನಲ್ಲಿ. ನಾನಿದ್ದದ್ದು ಗುರುವಾಯನಕೆರೆಯ ಬಾಡಿಗೆ ಮನೆಯಲ್ಲಿ, ಅವರಿದ್ದದ್ದು ಅಲ್ಲೇ ಪೇಟೆಯ ಹಿಂದೆ ತಮ್ಮ ಅಕ್ಕನ ಮನೆಯಲ್ಲಿ. ಮದುವೆ ನಡೆದದ್ದು ಬಂಟ್ವಾಳದಲ್ಲಾದ್ದರಿಂದ ಮುರಿಯುವುದಕ್ಕೂ ಅಲ್ಲಿಗೇ ಹೋಗಬಹುದು ಎಂದು ವಕೀಲರು ಹೇಳಿದ್ದರು. ಹತ್ತಿರದ ಬೆಳ್ತಂಗಡಿಯ ಕೋರ್ಟಿನಲ್ಲಾದರೆ ಜವಾನನಿಂದ ಹಿಡಿದು ಎಲ್ಲರೂ ಗುರುತಿನವರು. ನಮ್ಮ ಸಂಸಾರದ ಸುದ್ದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಸಂತೆಕಟ್ಟೆ ಮುಟ್ಟಿಬಿಡುತ್ತಿತ್ತು. ಬಸ್ಸಿನಲ್ಲಿ ನಾನು ಮುಂದೆ ಹೆಂಗಸರ ಸೀಟಿನಲ್ಲಿ ಕೂರುತ್ತಿದ್ದೆ, ಅವರು ಹಿಂದಿನ ಡೋರಿನ ಹತ್ತಿರ. ಕಂಡಕ್ಟರ್ ನಮ್ಮಿಬ್ಬರನ್ನೂ ಸುಮ್ಮನೆ ದಾಟಿ ಹೋಗುತ್ತಿದ್ದ. ನಮಗೆ ಟಿಕೆಟ್ ಇರಲಿಲ್ಲ.

ಅದು ನಮ್ಮ ಕಡೆಯ ಖಾಸಗಿ ಬಸ್ಸುಗಳ ಮರ್ಯಾದೆ. ಬಸ್ಸಿನವರು ಬಸ್ಸಿನವರ ಕೈಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಡ್ರೈವರ್ ಇರಲಿ, ಕಂಡಕ್ಟರ್ ಇರಲಿ, ಮಾಲಕರ ಮನೆಯವರೇ ಇರಲಿ, ಬೇರೆಯವರ ಬಸ್ಸು ಹತ್ತಿದಾಗ ‘ಸ್ಟಾಫ್’ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ನಮ್ಮ ಬಸ್ಸು ಮಾರಿ ಎರಡು ವರ್ಷವಾಗಿದ್ದರೂ ಲೈನಿನವರು ನಮಗೆ ಆ ಮರ್ಯಾದೆಯನ್ನು ಉಳಿಸಿಕೊಟ್ಟಿದ್ದರು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂದಾದ ಮೇಲೂ ನಾನು ಒಂದು ದಿನವೂ ಅದನ್ನು ಹತ್ತಿದವಳಲ್ಲ. ಹದಿನಾಲ್ಕು ವರ್ಷ ಬಸ್ಸು ಓಡಿಸಿದ ಮನೆಯ ಹೆಂಗಸು ಸರಕಾರಿ ಬಸ್ಸಿಗೆ ಕೈ ತೋರಿಸುವುದೇ? ಕೈ ಖಾಲಿಯಾಗಿತ್ತು ನಿಜ, ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಬಸ್ಸು ನಮ್ಮದು ಒಂದೇ. ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ದಾರಿಯಾಗಿ ಮೂಡುಬಿದಿರೆಗೆ ದಿನಕ್ಕೆ ನಾಲ್ಕು ಟ್ರಿಪ್. ಮುಂದಿನ ಗಾಜಿನ ಮೇಲೆ ಮಗಳ ಹೆಸರು. ಗಂಡನೇ ಡ್ರೈವರ್. ಕಂಡಕ್ಟರ್ ಬೆಳುವಾಯಿಯ ಒಬ್ಬ ಬ್ಯಾರಿ ಮುಸಲ್ಮಾನರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಕಾಕ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು, ಗಂಡನನ್ನು ಧಣಿ ಎನ್ನುತ್ತಿದ್ದರು. ಹನ್ನೊಂದು ವರ್ಷ ಗಲ್ಫಿನಲ್ಲಿ ದುಡಿದು ಬಂದು, ಆ ದುಡ್ಡಿನಲ್ಲಿ ಬೆಳುವಾಯಿಯಲ್ಲಿ ಎಂಟು ಸೆಂಟ್ಸ್ ಜಾಗ ಮಾಡಿ, ಒಂದು ಪುಟ್ಟ ತಾರಸಿ ಮನೆ ಕಟ್ಟಿ, ಇನ್ನು ಊರು ಬಿಡುವುದಿಲ್ಲ ಎಂದು ನಮ್ಮ ಬಸ್ಸಿಗೆ ಬಂದವರು.

ಕಾಕನ ಮೇಲೆ ನನಗೆ ಆಗಾಗ ಸಿಟ್ಟು ಬರುತ್ತಿತ್ತು. ಚಿಲ್ಲರೆ ಇಲ್ಲದಾಗ ಎಲ್ಲ ಕಂಡಕ್ಟರುಗಳೂ ಬಾಕಿ ಎಷ್ಟೆಂದು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ, ಇಳಿಯುವಾಗ ಕೇಳಿ ಪಡೆಯಬೇಕು. ಮರೆತು ಇಳಿದವರ ದುಡ್ಡು ಎಲ್ಲಿಗೋ ಹೋಗುತ್ತದೆ. ಕಾಕ ಮಾತ್ರ ಅದನ್ನು ಒಂದು ಬೇರೆ ಬಟ್ಟೆಯ ಚೀಲದಲ್ಲಿ ಇಡುತ್ತಿದ್ದರು. ಮೂರು ತಿಂಗಳ ಮೇಲೆ ಅದೇ ಮನುಷ್ಯ ವೇಣೂರಿನಲ್ಲಿ ಹತ್ತಿದರೂ ಮುಖ ನೋಡಿ ಹದಿನೆಂಟು ರೂಪಾಯಿ ಎಣಿಸಿ ಕೊಡುತ್ತಿದ್ದರು. ಇತ್ತ ಡೀಸಿಲಿಗೆ ದುಡ್ಡಿಲ್ಲದೆ ನಾನು ಒದ್ದಾಡುತ್ತಿರುವಾಗ ಆ ಚೀಲ ಮುಟ್ಟಲು ಬಿಡುತ್ತಿರಲಿಲ್ಲ. “ಅದು ನಮ್ಮದಲ್ಲ ಅಕ್ಕ” ಎಂದು ಒಂದೇ ಮಾತು. ಇಂಥ ಕಂಡಕ್ಟರನನ್ನು ಕಟ್ಟಿಕೊಂಡು ಉದ್ಧಾರವಾದ ಹಾಗೆ ಎಂದು ನಾನು ಗೊಣಗುತ್ತಿದ್ದೆ, ಮಧ್ಯಾಹ್ನ ಅವರ ಪಾಲಿನ ಮೀನು ಸಾರನ್ನು ಮೊದಲು ತೆಗೆದಿಡುತ್ತಲೂ ಇದ್ದೆ.

ಗಂಡನ ವಿಷಯಕ್ಕೆ ಬರುತ್ತೇನೆ. ಕುಡಿತ ಇಲ್ಲ, ಹೊಡೆತ ಇಲ್ಲ, ಜೋರು ಮಾತೂ ಇಲ್ಲ. ಅವರಿಗೆ ಇದ್ದದ್ದು ಒಂದೇ ರೋಗ, ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದು, ನಾನು ಏನು ಕೇಳಿದರೂ “ಎಲ್ಲ ಸರಿ ಉಂಟು” ಎನ್ನುತ್ತಿದ್ದರು. ಸೊಸೈಟಿಯಲ್ಲಿ ಎರಡನೇ ಬಸ್ಸಿಗೆಂದು ಸಾಲ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಪರ್ಮಿಟ್ ನವೀಕರಣದ ಕಾಗದ ಎಂದು ನಾನು ಅಡಿಗೆಮನೆಯಲ್ಲಿ ಒದ್ದೆ ಕೈ ಒರೆಸಿಕೊಂಡು ಹಾಕಿದ ಸಹಿಗಳಲ್ಲಿ ಅದೂ ಸೇರಿತ್ತು. ಆ ಎರಡನೇ ಬಸ್ಸು ಬರಲೇ ಇಲ್ಲ. ಮುಂಗಡ ತೆಗೆದುಕೊಂಡ ದಲ್ಲಾಳಿ ಊರು ಬಿಟ್ಟ, ಅದರ ಹಿಂದೆಯೇ ಲಾಕ್‌ಡೌನ್ ಬಂತು. ನೋಟೀಸುಗಳು ಬಂದಾಗ ಅವರು ಅವನ್ನು ಬಸ್ಸಿನ ಫಸ್ಟ್ ಏಡ್ ಬಾಕ್ಸಿನಲ್ಲಿ ಅಡಗಿಸಿಟ್ಟರು. ನಮ್ಮ ಲೈನಿನಲ್ಲಿ ಫಸ್ಟ್ ಏಡ್ ಬಾಕ್ಸ್ ತೆರೆದವರನ್ನು ನಾನು ಕಂಡಿಲ್ಲ, ಅಡಗಿಸಲು ಅದಕ್ಕಿಂತ ಭದ್ರವಾದ ಜಾಗ ಬೇರೆ ಇಲ್ಲ. ಒಂದು ದಿನ ಬಸ್ಸು ತೊಳೆಯುವಾಗ ಬೆರಳು ಕೊಯ್ದುಕೊಂಡು ಹತ್ತಿ ಹುಡುಕಿದೆ. ಒಂಬತ್ತು ನೋಟೀಸು ಸಿಕ್ಕವು, ಹತ್ತಿ ಇರಲಿಲ್ಲ.

ಸಾಲಕ್ಕಾಗಿ ನಾನು ಅವರನ್ನು ಬಿಡುತ್ತಿರಲಿಲ್ಲ. ಆ ಒಂಬತ್ತು ಕಾಗದಗಳ ಒಂಬತ್ತು ದಿನವೂ ಸಂಜೆ ಬಂದು ನನ್ನ ಎದುರು ಕೂತು ಚಹಾ ಕುಡಿದು “ಎಲ್ಲ ಸರಿ ಉಂಟು” ಎಂದಿದ್ದರಲ್ಲ, ಅದು ನನಗೆ ತಡೆಯಲಾಗಲಿಲ್ಲ. ಆ ಮೇಲೆ ಅವರು ಮಳೆ ಬರುತ್ತಿದೆ ಎಂದರೂ ನಾನು ಹೊರಗೆ ಹೋಗಿ ನೋಡಿ ಬರುವಂತಾಯಿತು. ಹಾಗೆ ಬದುಕಲು ನನಗೆ ಆಗುವುದಿಲ್ಲ ಎಂದೆ. ಅವರು ಅದಕ್ಕೂ ಇಲ್ಲ ಎನ್ನಲಿಲ್ಲ.

ಬಸ್ಸು ಮಾರಿದ ದುಡ್ಡು ಸಾಲಕ್ಕೆ ಸಾಲಲಿಲ್ಲ. ಉಳಿದದ್ದಕ್ಕೆ ಸೊಸೈಟಿಯವರು ಕರೆದು ಕೂರಿಸಿ ಒಂದು ಒಪ್ಪಂದ ಮಾಡಿದರು. ಇನ್ನು ಬಡ್ಡಿ ಏರಿಸುವುದಿಲ್ಲ, ಐದು ವರ್ಷ ಪ್ರತಿ ತಿಂಗಳ ಹತ್ತನೇ ತಾರೀಕಿಗೆ ಕಂತು ಕಟ್ಟಬೇಕು, ಸಾಲಾಗಿ ಮೂರು ಕಂತು ತಪ್ಪಿದರೆ ಒಪ್ಪಂದ ರದ್ದು. ಸಾಲಗಾರರು ನಾವಿಬ್ಬರು. ಜಾಮೀನು ಕಾಕ. ಅವರ ಎಂಟು ಸೆಂಟ್ಸ್ ಮತ್ತು ಆ ಮನೆ ಅಡವು.

ಡೈವೋರ್ಸಿನ ಅರ್ಜಿ ಕೋರ್ಟಿನಲ್ಲಿದ್ದಾಗ ಇನ್ನೂ ಮೂರು ವರ್ಷಕ್ಕಿಂತ ಹೆಚ್ಚಿನ ಕಂತು ಉಳಿದಿತ್ತು. ನಾನು ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿದ್ದೆ, ಅವರು ಬೇರೊಂದು ಶಾಲೆಯ ವ್ಯಾನು ಓಡಿಸುತ್ತಿದ್ದರು. ಇಬ್ಬರ ಅರ್ಧರ್ಧ ಸಂಬಳ ಹತ್ತನೇ ತಾರೀಕಿಗೆ ಮಾಯ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳ ಹಾಸ್ಟೆಲ್ ಫೀಸಿಗೆ ನಾನು ಸಂಜೆ ಬ್ಲೌಸ್ ಹೊಲಿಯುತ್ತಿದ್ದೆ.

ವಕೀಲರು ಬಿ.ಸಿ.ರೋಡಿನ ಒಬ್ಬ ಸಣ್ಣ ಪ್ರಾಯದವರು, ಪುಸ್ತಕದ ಹಾಗೆ ನಿಧಾನ ಕನ್ನಡ. ಒಂದು ದಿನ ಫೈಲು ಮುಚ್ಚಿಟ್ಟು ಹೇಳಿದರು, “ಮೇಡಂ, ನೀವು ಈ ಕಂತಿನಲ್ಲೇ ಮುದುಕಿ ಆಗ್ತೀರಿ. ಇನ್ನೊಂದು ದಾರಿ ಉಂಟು. ದಿವಾಳಿ ಅರ್ಜಿ ಹಾಕುವ. ಪಾಪರ್ ಚೀಟಿ ಅಂತ ಜನ ಹೇಳ್ತಾರಲ್ಲ, ಅದೇ. ನಿಮ್ಮ ಹತ್ತಿರ ಇರುವುದು ಇಷ್ಟು, ಕೊಡಬೇಕಾದ್ದು ಇಷ್ಟು ಅಂತ ಕೋರ್ಟಿಗೆ ಬರೆದುಕೊಡುವುದು. ಕೋರ್ಟು ಒಪ್ಪಿದರೆ ಸೊಸೈಟಿಯವರು ನಿಮ್ಮ ಮನೆ ಬಾಗಿಲಿಗೆ ಬರುವ ಹಾಗಿಲ್ಲ.”

“ಮತ್ತೆ ಸಾಲ?”

“ನಿಮ್ಮಿಂದ ಆಗದ್ದನ್ನು ನಿಮ್ಮ ಯಜಮಾನರಿಂದ ಕೇಳ್ತಾರೆ. ಅವರಿಂದಲೂ ಆಗದಿದ್ದರೆ ಜಾಮೀನಿನವರಿಂದ. ನೀವು ಪಾಪರ್ ಆದರೆ ಜಾಮೀನಿನವರು ಬಿಡುಗಡೆ ಆಗುವುದಿಲ್ಲ. ಸೊಸೈಟಿ ಮೊದಲು ಹಿಡಿಯುವುದೇ ಅವರನ್ನು.”

ಜಾಮೀನಿನವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಯೋಚನೆ ಮಾಡಿ ತಿಳಿಸುತ್ತೇನೆ ಎಂದು ಎದ್ದು ಬಂದೆ.

ಪಾಪರ್ ಎಂಬ ಮಾತು ನಮ್ಮಲ್ಲಿ ಬೈಗುಳ. ಬೈಗುಳವಾದರೇನು, ಆ ವಾರವೆಲ್ಲ ನನಗೆ ಅದು ಸಿಹಿಯಾಗಿಯೇ ಕೇಳಿಸಿತು. ಹತ್ತನೇ ತಾರೀಕು ಇಲ್ಲದ ತಿಂಗಳು ಹೇಗಿರಬಹುದು ಎಂದು ಊಹಿಸುತ್ತಾ ಹಾಜರಿ ಪುಸ್ತಕದಲ್ಲಿ ಎರಡು ಸಲ ತಪ್ಪು ಬರೆದೆ. ಹೊಲಿಗೆ ಮಿಷನ್ ಮುಚ್ಚಿಟ್ಟು ಸಂಜೆ ಸುಮ್ಮನೆ ಕೂರಬಹುದು. ಸಾಲ ಮಾಡಿದವರು ಅವರು, ಅನುಭವಿಸಲಿ. ಕಾಕನ ವಿಷಯ ನೆನಪಾದಾಗೆಲ್ಲ ನನಗೆ ನಾನೇ ಸುಳ್ಳು ಸಮಾಧಾನ ಹೇಳಿಕೊಂಡೆ. ಸೊಸೈಟಿಯವರು ಅಷ್ಟು ಬೇಗ ಮನೆ ಹರಾಜು ಹಾಕಲಿಕ್ಕಿಲ್ಲ. ಕಾಕನ ಅಳಿಯ ಗಲ್ಫಿನಲ್ಲಿದ್ದಾನೆ, ಅವನು ಹೇಗಾದರೂ ಬಿಡಿಸಿಯಾನು. ಗಂಡನ “ಎಲ್ಲ ಸರಿ ಉಂಟು” ನನ್ನ ಬಾಯಿಗೇ ಬಂದದ್ದು ಆಗ ನನಗೆ ತಿಳಿಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೇಳದೆ ಕೇಳದೆ ಅರ್ಜಿ ಹಾಕುವಷ್ಟು ಕೆಟ್ಟವಳಾಗಲು ಮಾತ್ರ ಆಗಲಿಲ್ಲ. ಹೇಳಿಯೇ ಹಾಕುವ ಎಂದು ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾಕನ ಬಸ್ಸು ಹತ್ತಿದೆ. ಕಾಕ ಆಗ ಬೇರೊಬ್ಬರ ಬಸ್ಸಿನಲ್ಲಿ, ಅದೇ ಮೂಡುಬಿದಿರೆ ಲೈನಿನಲ್ಲಿ ಕಂಡಕ್ಟರ್. ನನ್ನನ್ನು ಕಂಡು ಮುಖ ಅರಳಿಸಿ, ಹೆಂಗಸರ ಸೀಟಿನಲ್ಲಿ ಕೂತಿದ್ದ ಒಬ್ಬ ಗಂಡಸನ್ನು ಎಬ್ಬಿಸಿ ಜಾಗ ಮಾಡಿಕೊಟ್ಟರು. ಟಿಕೆಟ್ ಕೊಡುತ್ತಾ ನನ್ನ ಸೀಟಿನ ಹತ್ತಿರ ಬಂದಾಗ ನಾನು ಐನೂರರ ನೋಟು ಚಾಚಿದೆ.

“ಮೂಡುಬಿದಿರೆ ಒಂದು, ಕಾಕ.”

“ಎಂಥ ತಮಾಷೆ ಅಕ್ಕ? ಸ್ಟಾಫ್ ಅಲ್ವಾ.”

“ಇಲ್ಲ ಕಾಕ. ಟಿಕೆಟ್ ಕೊಡಿ.”

ಅವರ ಮನೆ ಕಳೆಯುವ ಮಾತು ಹೇಳಲು ಹೊರಟವಳು ಅವರ ಬಸ್ಸಿನಲ್ಲಿ ಪುಕ್ಕಟೆ ಹೇಗೆ ಕೂರಲಿ? ಕಾಕ ನನ್ನ ಮುಖ ನೋಡಿದರು. ಟಿಕೆಟ್ ಹರಿದರು, ಹಿಂದೆ ನಾನೂರ ಐವತ್ತೈದು ಎಂದು ಬರೆದು ಸುತ್ತ ಗೆರೆ ಎಳೆದು ನನ್ನ ಕೈಗಿಟ್ಟರು. ಅಷ್ಟು ವರ್ಷದಲ್ಲಿ ಅವರು ನನಗೆ ಹರಿದ ಮೊದಲ ಟಿಕೆಟ್ ಅದು.

ಮೂಡುಬಿದಿರೆಯಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತದೆ. ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಚಹಾ ಹೇಳಿ ಕಾಕ ಎದುರು ಕೂತರು. ನಾವು ಮಾತಾಡಿದ್ದು ತುಳುವಿನಲ್ಲಿ. ನಾನು ವಕೀಲರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ಜಾಮೀನಿನ ಮಾತನ್ನೂ ಬಿಡಲಿಲ್ಲ. ಅವರು ಬೈಯಬೇಕೆಂದು ನನಗೆ ಆಸೆಯಿತ್ತು. ಬೈದರೆ ನಾನೂ ಎರಡು ಮಾತು ಹೇಳಿ ಹಗುರವಾಗಬಹುದಿತ್ತು.

“ಪಾಪರ್ ತೆಗೆಯಿರಿ ಅಕ್ಕ” ಎಂದರು ಕಾಕ. “ನೀವು ತುಂಬ ಬಚ್ಚಿದ್ದೀರಿ, ಮುಖದ ಸುಸ್ತು ನೋಡಿದ್ರೆ ಗೊತ್ತಾಗ್ತದೆ. ನಾನು ಜಾಮೀನು ಹಾಕುವಾಗ ಓದಿಸಿ ಕೇಳಿಯೇ ಹಾಕಿದ್ದು. ಮನೆಯವಳಿಗೂ ಹೇಳಿಯೇ ಹಾಕಿದ್ದು. ಜಾಗ ಹೋದ್ರೂ ಹೋದೀತು ಅಂತ ಅವಳಿಗೆ ಅವತ್ತೇ ಗೊತ್ತುಂಟು. ಲಾಕ್‌ಡೌನಿನಲ್ಲಿ ನೀವು ಬಳೆ ಮಾರಿ ನನ್ನ ಸಂಬಳ ಕೊಟ್ಟದ್ದೂ ಅವಳಿಗೆ ಗೊತ್ತುಂಟು.”

ಬಳೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಬರಿಗೈ ನೋಡಿಯೇ ಅವರ ಹೆಂಡತಿ ಅರ್ಥ ಮಾಡಿಕೊಂಡಿದ್ದಿರಬೇಕು.

ಕಾಕ ಚಹಾದ ಗ್ಲಾಸನ್ನು ಅಂಗೈಯಲ್ಲಿ ತಿರುಗಿಸಿದರು. “ಒಂದು ಮಾತ್ರ ಕೇಳ್ತೇನೆ. ಮನೆ ಬಿಡ್ಲಿಕ್ಕೆ ಎಷ್ಟು ದಿನ ಸಿಗ್ತದೆ ಅಂತ ವಕೀಲರ ಹತ್ತಿರ ಕೇಳಿ ಹೇಳಿ. ಮಗಳಿಗೆ ಮುಂದಿನ ತಿಂಗಳು ಹೆರಿಗೆ. ನಲವತ್ತು ದಿನದ ಬಾಣಂತನ ಒಂದು ಆ ಮನೆಯಲ್ಲಿ ಮುಗಿದ್ರೆ ಸಾಕು. ಆಮೇಲೆ ನಾವು ಬಾಡಿಗೆಗೆ ಎಲ್ಲಿಯಾದ್ರೂ ನೋಡಿಕೊಳ್ತೇವೆ.”

ಚಹಾ ಅರ್ಧಕ್ಕೇ ಬಿಟ್ಟೆ. ಕೇಳಿ ಹೇಳುತ್ತೇನೆ ಎಂದೆನೋ ಏನೋ, ನೆನಪಿಲ್ಲ. ಎದ್ದು ಹೊರಗೆ ಬಂದು ಮೊದಲು ಸಿಕ್ಕಿದ ಬೇರೆ ಬಸ್ಸು ಹತ್ತಿದೆ. ವೇಣೂರು ದಾಟುವವರೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದಲ್ಲಿ ಕೂತ ಹೆಂಗಸು ಹೊಟ್ಟೆ ತೊಳಸುತ್ತಿದೆ ಎಂದು ತಿಳಿದು ಒಂದು ನಿಂಬೆಹಣ್ಣು ಕೊಟ್ಟಳು. ಕಾಕ ಮನೆ ಹೋಗುವುದನ್ನು ಒಪ್ಪಿಯಾಗಿತ್ತು, ಅವರು ನನ್ನ ಹತ್ತಿರ ಕೇಳಿದ್ದು ಬರೀ ನಲವತ್ತು ದಿನ.

ಮುಂದಿನ ಕೋರ್ಟಿನ ದಿನ ಹೊರಗೆ ವರಾಂಡದಲ್ಲಿ ನಮ್ಮನ್ನು ಕರೆಯುವುದನ್ನು ಕಾಯುತ್ತಿದ್ದೆವು. ಗಂಡ ಹತ್ತಿರ ಬಂದು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಕೊಟ್ಟರು. ಒಳಗೆ ನಾನೂರ ಐವತ್ತೈದು ರೂಪಾಯಿ.

“ಕಾಕ ಕೊಟ್ಟರು. ಚಿಲ್ಲರೆ ಮರೆತು ಇಳಿದೆಯಂತೆ.”

“ನನ್ನ ಚಿಲ್ಲರೆ ನಿಮ್ಮ ಕೈಯಲ್ಲಿ ಯಾಕೆ ಕೊಟ್ಟದ್ದು?”

“ನಾನೂ ಅದೇ ಕೇಳಿದೆ. ‘ನಿಮ್ಮಿಬ್ಬರದ್ದು ಕಲೆಕ್ಷನ್ ಒಂದೇ ಅಲ್ವಾ ಧಣಿ’ ಅಂದರು. ನಾನು ಎಂಥ ಹೇಳುವುದು ಮತ್ತೆ?”

ನನಗೆ ನಗು ಬಂತು, ತಡೆದುಕೊಂಡೆ. ಕಾಕನ ಬಸ್ಸಿನಲ್ಲಿ ಟಿಕೆಟ್ ತೆಗೆದದ್ದೇಕೆ ಎಂದು ಅವರು ಕೇಳಿದರು. ಹೇಳಿದೆ. ಪಾಪರ್ ಚೀಟಿ, ಜಾಮೀನು, ನಲವತ್ತು ದಿನ, ಎಲ್ಲ. ಅವರು ಕಂಬಕ್ಕೆ ಒರಗಿದರು. ಆಮೇಲೆ ಹೇಳಿದರು, “ನೀನು ಇದರಿಂದ ಹೊರಗೆ ಹೋಗು. ನಾನು ಮಾಡಿದ್ದು. ಪೂರ್ತಿ ಕಂತು ನಾನೇ ಕಟ್ತೇನೆ.”

“ನೀವು ಕಟ್ಟುವುದಾ?” ನನಗೆ ಸಿಟ್ಟು ನೆತ್ತಿಗೇರಿತು. “ಮೊದಲನೇ ತಿಂಗಳು ಕಟ್ತೀರಿ. ಎರಡನೇ ತಿಂಗಳು ಯಾರೋ ಆಸ್ಪತ್ರೆ ಅಂತ ಬರ್ತಾರೆ, ತೆಗೆದು ಕೊಡ್ತೀರಿ. ಮೂರನೇ ತಿಂಗಳ ನೋಟೀಸು ಶಾಲೆಯ ವ್ಯಾನಿನ ಫಸ್ಟ್ ಏಡ್ ಬಾಕ್ಸಿಗೆ.”

“ಆ ವ್ಯಾನಿನಲ್ಲಿ ಫಸ್ಟ್ ಏಡ್ ಬಾಕ್ಸ್ ಇಲ್ಲ” ಎಂದರು ಅವರು, ಬಹಳ ಗಂಭೀರವಾಗಿ.

ಅಷ್ಟು ಸಾಕಾಯಿತು. ನಾನು ನಕ್ಕೆ, ಅವರೂ ನಕ್ಕರು. ಡೈವೋರ್ಸಿಗೆ ಬಂದ ಗಂಡ ಹೆಂಡಿರು ಹೊಟ್ಟೆ ಹಿಡಿದುಕೊಂಡು ನಗುವುದನ್ನು ವರಾಂಡದವರೆಲ್ಲ ನೋಡಿದರು. ನಗುತ್ತಿದ್ದಾಗಲೇ ನನಗೆ ಒಂದು ವಿಷಯ ಖಚಿತವಾಯಿತು. ಈ ಮನುಷ್ಯನ ಜೊತೆ ಒಂದು ಮನೆಯಲ್ಲಿರಲು ನನ್ನಿಂದ ಆಗದು. ಆದರೆ ಈ ಸಾಲವನ್ನು ಇವರ ಮೇಲೂ ಕಾಕನ ಮೇಲೂ ಹಾಕಿ ಹೋಗಲೂ ಆಗದು.

ಅಲ್ಲೇ ನಿಂತು ತೀರ್ಮಾನ ಮಾಡಿದೆವು. ಪಾಸ್‌ಬುಕ್ಕು ನನ್ನ ಹತ್ತಿರ. ಪ್ರತಿ ತಿಂಗಳ ಒಂಬತ್ತನೇ ತಾರೀಕಿನ ಸಂಜೆ ಗುರುವಾಯನಕೆರೆ ಜಂಕ್ಷನಿನ ಹೋಟೆಲಿಗೆ ಅವರು ತಮ್ಮ ಪಾಲು ತರಬೇಕು, ಹತ್ತರಂದು ನಾನು ಕಟ್ಟಬೇಕು. ವಕೀಲರಿಗೆ ಇದನ್ನು ಒಪ್ಪಿಗೆ ಪತ್ರದಲ್ಲಿ ಸೇರಿಸಿ ಎಂದೆ. ಅವರು ಪೆನ್ನು ಹಿಡಿದು ಯೋಚಿಸಿ ಹೇಳಿದರು, “ಇಷ್ಟು ಸಲ ಭೇಟಿ ಆಗುವುದಾದರೆ ಡೈವೋರ್ಸ್ ಯಾಕೆ ಅಂತ ಜಡ್ಜ್ ಕೇಳಿಯಾರು ಮೇಡಂ.”

“ಕೇಳಿದರೆ ನಾನು ಹೇಳ್ತೇನೆ. ನೀವು ಬರೆಯಿರಿ” ಎಂದೆ.

ಜಡ್ಜ್ ಏನೂ ಕೇಳಲಿಲ್ಲ. ಡೈವೋರ್ಸ್ ಆಯಿತು. ಅದಕ್ಕೆ ಮೊದಲೇ ಬೆಳುವಾಯಿಯ ಆ ಮನೆಯಲ್ಲಿ ಕಾಕನಿಗೆ ಮೊಮ್ಮಗ ಹುಟ್ಟಿದ್ದ. ನಲವತ್ತನೇ ದಿನಕ್ಕೆ ನಾನು ಒಂದು ಬೆಳ್ಳಿಯ ಉಡಿದಾರ ಕೊಂಡು ಹೋಗಿದ್ದೆ. ಆ ನಾನೂರ ಐವತ್ತೈದಕ್ಕೆ ಒಂದಿಷ್ಟು ಸೇರಿಸಿ ಮಾಡಿಸಿದ್ದು.

ಮೂರು ವರ್ಷ ಹೇಗೆ ಕಳೆಯಿತೆಂದು ಹೇಳುವಷ್ಟು ಏನಿಲ್ಲ. ಬ್ಲೌಸ್ ಹೊಲಿದೆ. ಒಂಬತ್ತನೇ ತಾರೀಕಿನ ಸಂಜೆ ಎರಡು ಚಹಾ, ಒಂದು ಪ್ಲೇಟು ಗೋಳಿಬಜೆ. ದುಡ್ಡು ಕೈ ಬದಲಾದ ಮೇಲೆ ಮಗಳ ಪರೀಕ್ಷೆಯ ಮಾತು, ಅವರ ಅಕ್ಕನ ಮಂಡಿನೋವಿನ ಮಾತು. ಒಮ್ಮೆ ಅವರು ಕೂರುವ ಮೊದಲೇ “ಈ ಸಲ ಸಾವಿರದ ಇನ್ನೂರು ಕಡಿಮೆ ಉಂಟು. ಒಬ್ಬರಿಗೆ ಕೊಟ್ಟುಬಿಟ್ಟೆ. ಬೈದುಬಿಡು” ಎಂದರು. ಬೈದೆ. ಬೈದು ಮುಗಿಸಿ ಮನೆಗೆ ನಡೆದು ಹೋಗುವಾಗ ಅರಿವಾಯಿತು, ಮುಚ್ಚಿಡದೆ ಅವರು ತಾವಾಗಿ ಹೇಳಿದ್ದು ಅದೇ ಮೊದಲು. ಡೈವೋರ್ಸ್ ಆದ ಮೇಲೆ ಕಲಿತರಲ್ಲ ಎಂದು ಹೊಟ್ಟೆ ಉರಿಯಿತು. ಅವರ ಮೇಲೆ ತುಂಬ ಪ್ರೀತಿಯೂ ಬಂತು. ಮರುದಿನ ಆ ಸಾವಿರದ ಇನ್ನೂರನ್ನು ನಾನೇ ಹಾಕಿ ಕಟ್ಟಿದೆ.

ಕಾಕನ ಮನೆ ಅಡವಿನಲ್ಲಿದ್ದ ಆ ಮೂರು ವರ್ಷ ನಾನು ಯಾವ ಬಸ್ಸಿನಲ್ಲಿಯೂ ಸ್ಟಾಫ್ ಎನ್ನಲಿಲ್ಲ. ಬೇರೆ ಬಸ್ಸಿನ ಕಂಡಕ್ಟರುಗಳು ಬೇಡ ಎಂದು ತಲೆಯಾಡಿಸಿದರೆ ನಾನು ಜಗಳ ಮಾಡಿ ದುಡ್ಡು ಕೊಡುತ್ತಿದ್ದೆ. ಕಾಕ ಮಾತ್ರ ಒಮ್ಮೆಯೂ ಬೇಡ ಎನ್ನಲಿಲ್ಲ. ನಾನು ನೋಟು ಚಾಚಿದರೆ ಸುಮ್ಮನೆ ಟಿಕೆಟ್ ಹರಿದು, ಚಿಲ್ಲರೆಯನ್ನು ಆಗಲೇ ಎಣಿಸಿ ಕೈಗೆ ಕೊಡುತ್ತಿದ್ದರು. ಟಿಕೆಟ್ಟಿನ ಹಿಂದೆ ಬರೆಯುತ್ತಿರಲಿಲ್ಲ.

ಕೊನೆಯ ಕಂತು ಕಟ್ಟಿದ್ದು ಕಳೆದ ಮೇ ತಿಂಗಳಲ್ಲಿ. ಕಾಕ ಮೊದಲೇ ಬರೆದುಕೊಟ್ಟಿದ್ದರಿಂದ ಸೊಸೈಟಿಯವರು ಸಾಲ ತೀರಿದ ಪತ್ರವನ್ನೂ ಅವರ ಜಾಗದ ದಸ್ತಾವೇಜನ್ನೂ ನಮ್ಮ ಕೈಗೇ ಕೊಟ್ಟರು. ಅಂದು ಕಾಕ ನಮ್ಮಿಬ್ಬರನ್ನೂ ಬೆಳುವಾಯಿಗೆ ಊಟಕ್ಕೆ ಕರೆದಿದ್ದರು, ಅವರ ಬಸ್ಸು ಮೂಡುಬಿದಿರೆಗೆ ಮುಟ್ಟಿದ ಮೇಲೆ ಅವರ ಜೊತೆಯೇ ಹೋಗುವುದೆಂದು ಮಾತಾಗಿತ್ತು. ನಾನು ಎಂದಿನ ಹಾಗೆ ಮುಂದೆ ಕೂತೆ. ಗಂಡನಾಗಿದ್ದವರು ಹಿಂದೆ, ಡೋರಿನ ಹತ್ತಿರ.

ಕಾಕ ಟಿಕೆಟ್ ಪುಸ್ತಕ ಹಿಡಿದು ಬಂದರು. ನಾನು ದಸ್ತಾವೇಜಿನ ಪ್ಲಾಸ್ಟಿಕ್ ಕವರನ್ನು ಅವರ ಕೈಗಿಟ್ಟೆ. ಅವರು ತೆರೆದು ನೋಡಲಿಲ್ಲ. ಕಂಕುಳಲ್ಲಿ ಭದ್ರ ಮಾಡಿಕೊಂಡು, ಕೈಯಲ್ಲಿ ಟಿಕೆಟ್ ಪುಸ್ತಕ ಬಿಡಿಸಿ, ಮೂರು ವರ್ಷದ ಅಭ್ಯಾಸದಂತೆ ನನ್ನ ನೋಟಿಗೆ ಕಾದು ನಿಂತರು.

ನಾನು ಪರ್ಸ್ ತೆಗೆಯಲಿಲ್ಲ. “ಸ್ಟಾಫ್” ಎಂದೆ.

ಕಾಕನ ಕೈ ಟಿಕೆಟ್ ಪುಸ್ತಕದ ಮೇಲೆ ನಿಂತಿತು. ಅವರು ತಲೆಯೆತ್ತಿ ಬಸ್ಸಿನ ಹಿಂದಕ್ಕೆ ನೋಡಿದರು.

“ಹಿಂದೆ ಕೂತಿರುವವರೂ ಸ್ಟಾಫ್, ಕಾಕ” ಎಂದೆ.

ಅವರು ಆಯಿತು ಎಂದು ತಲೆಯಾಡಿಸಿ, ನನ್ನನ್ನು ದಾಟಿ ಮುಂದಿನ ಸೀಟಿನವರ ಹತ್ತಿರ ಎಲ್ಲಿಗೆ ಎಂದು ಕೇಳಿದರು. ಅವರ ಸ್ವರ ಸರಿಯಾಗಿ ಹೊರಡದೆ, ಇನ್ನೊಮ್ಮೆ ಕೇಳಬೇಕಾಯಿತು.